ಸ್ಕ್ರಾಬಲ್ ಬೋರ್ಡಿಗೆ ಬೇಕಾದ ವಿಚಿತ್ರ ಪದಗಳು: ನಾನು ಕಲಿತ ಕ್ರಮ

ಇಂಗ್ಲಿಷ್ ಕಾದಂಬರಿಗಳನ್ನು ಅರೆದು ಕುಡಿದವರೂ, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲಿಟ್ಟು ಪದ ಕಟ್ಟುವ ಸ್ಕ್ರಾಬಲ್ ಆಟದಲ್ಲಿ ಸೋಲುತ್ತಾರೆ. ಕಾರಣ ದೊಡ್ಡ ಪದಗಳಲ್ಲ, ಎರಡಕ್ಷರದವು. ಭಾರತದ ಟೂರ್ನಿಗಳಲ್ಲಿ ನಡೆಯುವುದು ಕಾಲಿನ್ಸ್ ಎಂಬ ಒಪ್ಪಿತ ಪದಗಳ ಪಟ್ಟಿ. ಅದರಲ್ಲಿ ಎರಡಕ್ಷರದ ಪದಗಳು 127 ಇವೆ. ಓ-ಕೆ, ಇ-ಡಬ್ಲ್ಯೂ, ಝಡ್-ಇ ಮೂರೂ 2019ರಲ್ಲಿ ಸೇರಿದವು. ನಾನು ಮೊದಲು ಬಾಯಿಪಾಠ ಮಾಡಿದ್ದು ಈ ಎರಡಕ್ಷರದವನ್ನೇ, ಬೇರೆಯವರಿಗೆ ಹೇಳುವುದೂ ಇದನ್ನೇ. ಬೋರ್ಡಿನಲ್ಲಿರುವ ಪದಕ್ಕೆ ಒತ್ತಿಕೊಂಡು ಇನ್ನೊಂದು ಪದ ಕಟ್ಟಬೇಕಾದರೆ ತಾಗುವ ಕಡೆಯೆಲ್ಲ ಸಣ್ಣ ಪದಗಳು ಹುಟ್ಟುತ್ತವೆ. ಅವು ಗೊತ್ತಿಲ್ಲದಿದ್ದರೆ ಅರ್ಧ ಬೋರ್ಡು ಕಣ್ಣಿಗೇ ಬೀಳುವುದಿಲ್ಲ.

ಪದಗಳನ್ನು ಇಲ್ಲಿ ಅಕ್ಷರ ಬಿಡಿಸಿ ಬರೆದಿದ್ದೇನೆ. ಆಟದಲ್ಲಿ ಉಚ್ಚಾರಣೆಗೆ ಕಾಸಿನ ಬೆಲೆಯಿಲ್ಲ, ಬಿಲ್ಲೆಗಳಿಗಷ್ಟೇ ಬೆಲೆ.

ದುಬಾರಿ ಬಿಲ್ಲೆಗಳಿಂದ ಶುರುಮಾಡಿ. ಕ್ಯೂ ಮತ್ತು ಝಡ್‌ಗೆ 10 ಅಂಕ, ಜೆ ಮತ್ತು ಎಕ್ಸ್‌ಗೆ 8. ಬಿಲ್ಲೆ ತೆಗೆಯುವ ಚೀಲದಲ್ಲಿ ನಾಲ್ಕೂ ಒಂದೊಂದೇ. ಕ್ಯೂ-ಐ ಎಂದರೆ ಚೀನೀ ಚಿಂತನೆಯ ಪ್ರಾಣಶಕ್ತಿ. ಎಕ್ಸ್-ಯು ವಿಯೆಟ್ನಾಂನ ಹಳೆಯ ಚಿಲ್ಲರೆ ನಾಣ್ಯ, ಎಕ್ಸ್-ಐ ಗ್ರೀಕ್ ಅಕ್ಷರ. ಜೆ-ಓ ಸ್ಕಾಟ್ಲೆಂಡಿನವರು ಪ್ರಿಯತಮೆಗೆ ಕರೆಯುವ ಹೆಸರು. ಝಡ್-ಎ ಎಂದರೆ ಪಿಜ್ಜಾ, ಆಡುಮಾತಿನಲ್ಲಿ. ಝಡ್-ಓ ಹಿಮಾಲಯದಲ್ಲಿ ಯಾಕ್‌ಗೂ ಹಸುವಿಗೂ ಹುಟ್ಟಿದ ಮಿಶ್ರತಳಿ. ಇದೇ ಪ್ರಾಣಿಗೆ ಡಿ-ಝಡ್-ಓ, ಡಿ-ಎಸ್-ಓ, ಝಡ್-ಎಚ್-ಓ, ಡಿ-ಝಡ್-ಎಚ್-ಓ ಎಂಬ ರೂಪಗಳೂ ಪಟ್ಟಿಯಲ್ಲಿವೆ. ಐದನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡರೆ ಒಟ್ಟಿಗೇ ನೆನಪಿರುತ್ತವೆ.

ಕ್ಯೂ-ಐ ಎಷ್ಟು ತರಬಲ್ಲದು ನೋಡಿ. ಬೋರ್ಡಿನಲ್ಲಿ ಟ್ಯಾಕ್ಸಿ, ಅಂದರೆ ಟಿ-ಎ-ಎಕ್ಸ್-ಐ, ಅಡ್ಡಲಾಗಿದೆ. ಅದರ ಕೊನೆಯ ಐ ಮೇಲಿನ ಮನೆ ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆ. ಕ್ಯೂ ಅಲ್ಲಿ ಕೂರಿಸಿ, ಅದರ ಬಲಕ್ಕೆ ನಿಮ್ಮ ಕೈಯಲ್ಲಿರುವ ಐ ಇಡಿ. ಅಡ್ಡಕ್ಕೊಂದು, ಉದ್ದಕ್ಕೊಂದು ಕ್ಯೂ-ಐ ಆಯಿತು. ಕ್ಯೂಗೆ 30, ಐಗೆ 1, ಸೇರಿ 31. ಎರಡು ದಿಕ್ಕಿನಲ್ಲಿ 62. ಎರಡೇ ಬಿಲ್ಲೆ ಖರ್ಚು. ಒಂದೇ ಷರತ್ತು: ಹೊಸ ಐ ಕೆಳಗಿನ ಮನೆ ಖಾಲಿ ಇರಬೇಕು.

ಐ ಸಿಗದಿದ್ದಾಗ ಬೇಕಾಗುವುದು, ಕ್ಯೂ ನಂತರ ಯು ಇಲ್ಲದ ಪದಗಳು. ಕ್ಯೂ-ಎ-ಟಿ ಯೆಮೆನ್ ಮತ್ತು ಪೂರ್ವ ಆಫ್ರಿಕದವರು ಅಗಿಯುವ ಅಮಲಿನ ಎಲೆ. ಕ್ಯೂ-ಎ-ಡಿ-ಐ ನಮ್ಮ ಖಾಜಿ, ಕ್ಯೂ-ಓ-ಪಿ-ಎಚ್ ಹೀಬ್ರೂ ಅಕ್ಷರ. ಕ್ಯೂ-ಎ-ಎನ್-ಎ-ಟಿ ಎಂದರೆ ನೆಲದಡಿಯ ನೀರನ್ನು ಇಳಿಜಾರಿನಲ್ಲಿ ಹರಿಸಿ ತರುವ ಸುರಂಗ. ಬೀದರ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿಗಳನ್ನು ನೋಡಿದವರಿಗೆ ಈ ಪದ ಮರೆಯುವುದಿಲ್ಲ. ಡಬ್ಲ್ಯೂ-ಎ-ಕ್ಯೂ-ಎಫ್, ಟಿ-ಎ-ಎಲ್-ಎ-ಕ್ಯೂ, ಬಿ-ಯು-ಆರ್-ಕ್ಯೂ-ಎ, ಎಫ್-ಎ-ಕ್ಯೂ-ಐ-ಆರ್ ನಾವು ಪತ್ರಿಕೆಯಲ್ಲಿ ದಿನಾ ಓದುವ ವಕ್ಫ್, ತಲಾಖ್, ಬುರ್ಖಾ, ಫಕೀರ. ಯಾವುದೂ ಹೊಂದದಿದ್ದರೆ ಚೀಲದಲ್ಲಿ ಕನಿಷ್ಠ 7 ಬಿಲ್ಲೆ ಇರುವಾಗಲೇ ಕ್ಯೂ ಬದಲಾಯಿಸಿಬಿಡಿ, ಆಮೇಲೆ ಬದಲಾಯಿಸಲು ಬಿಡುವುದಿಲ್ಲ. ಎದುರಾಳಿ ಆಟ ಮುಗಿಸಿದಾಗ ಕ್ಯೂ ನಿಮ್ಮ ಕೈಯಲ್ಲೇ ಉಳಿದರೆ ಒಟ್ಟು 20 ಅಂಕದ ಪೆಟ್ಟು.

ಸ್ವರಗಳೇ ತುಂಬಿ ಕೂತರೆ ಇನ್ನೊಂದು ಕಷ್ಟ. 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ 9, ಓ 8, ಯು 4 ಇರುವುದರಿಂದ ಇದು ಅಪರೂಪವೇನಲ್ಲ. ಎ-ಐ ಮೂರು ಬೆರಳಿನ ಸ್ಲಾತ್ ಎಂಬ ಪ್ರಾಣಿ, ಯು-ಎನ್-ಎ-ಯು ಎರಡು ಬೆರಳಿನದು. ಎ-ಎ ಹವಾಯಿಯ ಒರಟು ಲಾವಾ, ಎ-ಎ-ಎಲ್-ಐ-ಐ ಅಲ್ಲಿಯದೇ ಮರ. ಎಂ-ಓ-ಯು-ಇ ಎಂದರೆ ಮುನಿಸಿನಿಂದ ತುಟಿ ಚಾಚುವುದು. ಟಿ-ಓ-ಇ-ಎ ಪಾಪುವಾ ನ್ಯೂಗಿನಿಯ ಚಿಲ್ಲರೆ ನಾಣ್ಯ. ಒಂದೂ ವ್ಯಂಜನವಿಲ್ಲದ ಇ-ಯು-ಓ-ಯು-ಎ-ಇ ಕೂಡ ಕಾಲಿನ್ಸ್‌ನಲ್ಲಿದೆ. ಲ್ಯಾಟಿನ್ ಪ್ರಾರ್ಥನೆಯ ಕೊನೆಯ ‘ಸೆಕುಲೋರುಮ್ ಆಮೆನ್’ ಎಂಬುದರ ಸ್ವರಗಳನ್ನಷ್ಟೇ ಹೆಕ್ಕಿ ಕಟ್ಟಿದ ಪದ ಅದು. ಆಡುವ ಅವಕಾಶ ಬರುವುದು ಕಡಿಮೆ, ಆದರೆ ಬಂದಾಗ ಎದುರಿಗಿದ್ದವರ ಮುಖ ನೋಡಬೇಕು.

ವ್ಯಂಜನಗಳೇ ಬಂದರೆ ವೇಲ್ಸ್ ಭಾಷೆಯಿಂದ ಬಂದ ಸಿ-ಡಬ್ಲ್ಯೂ-ಎಂ, ಅಂದರೆ ಬೆಟ್ಟದ ಬದಿಯ ಕಡಿದಾದ ಕಣಿವೆ, ಮತ್ತು ಸಿ-ಆರ್-ಡಬ್ಲ್ಯೂ-ಟಿ-ಎಚ್ ಎಂಬ ಹಳೆಯ ತಂತಿವಾದ್ಯ ಕೈಹಿಡಿಯುತ್ತವೆ. ವಿ ಇರುವ ಎರಡಕ್ಷರದ ಪದ ಒಂದೂ ಇಲ್ಲ. ಅಂಕದಲ್ಲಿ ಮುಂದಿರುವಾಗ ಬೋರ್ಡಿನ ಒಂದು ಮೂಲೆ ಮುಚ್ಚಬೇಕೆಂದರೆ ಅಲ್ಲೊಂದು ವಿ ಕೂರಿಸಿದರೆ ಬಹುಮಟ್ಟಿಗೆ ಸಾಕು.

ಅರ್ಥ ಕಲಿಯಲೇಬೇಕೆ ಎಂದು ಹಲವರು ಕೇಳುತ್ತಾರೆ. ನ್ಯೂಜಿಲೆಂಡ್ ಮೂಲದ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಪ್ರಶಸ್ತಿ ಗೆದ್ದರು. ಅಂಥ ನೆನಪು ನಮಗಿಲ್ಲವಲ್ಲ! ಅರ್ಥ ಗೊತ್ತಿದ್ದರೆ ಕೊನೆಗೆ ಎಸ್ ಹತ್ತುತ್ತದೋ ಇಲ್ಲವೋ ಎಂದು ಬಹಳ ಸಲ ಊಹಿಸಬಹುದು. ಟಿ-ಎಸ್-ಕೆ ಕ್ರಿಯಾಪದ, ಹಾಗಾಗಿ ಎಸ್ ಹತ್ತುತ್ತದೆ. ಪಿ-ಎಸ್-ಟಿ ಬರೀ ಉದ್ಗಾರ, ಎನ್-ಟಿ-ಎಚ್ ವಿಶೇಷಣ, ಎರಡಕ್ಕೂ ಹತ್ತುವುದಿಲ್ಲ. ಎಸ್ ಇರುವುದೇ ನಾಲ್ಕು. ಹೆಚ್ಚುವರಿಯಾಗಿ ಎಂಟು-ಹತ್ತು ಅಂಕ ತರದ ಕಡೆ ನಾನು ಅದನ್ನು ಕೈಬಿಡುವುದಿಲ್ಲ.

ಕನ್ನಡಿಗರಿಗೆ ಸುಲಭವೆನಿಸಿ ಕೈಕೊಡುವುದು ನಮ್ಮವೇ ಪದಗಳು. ಪಟ್ಟಿಯಲ್ಲಿ ಅವು ಧಾರಾಳವಾಗಿವೆ, ಆದರೆ ನಾವು ಬರೆಯುವ ಕಾಗುಣಿತದಲ್ಲೇ ಇರುತ್ತವೆ ಎಂಬ ಭರವಸೆಯಿಲ್ಲ. ಇಡ್ಲಿಯನ್ನೇ ತೆಗೆದುಕೊಳ್ಳಿ. ಹೋಟೆಲ್ ಬೋರ್ಡುಗಳಲ್ಲಿ ಐ-ಡಿ-ಎಲ್-ವೈ ಎಂದು ಬರೆಯುವುದುಂಟು. ಸ್ಕ್ರಾಬಲ್‌ನಲ್ಲಿ ಅದೂ ಸರಿ, ಆದರೆ ತಿಂಡಿಯಾಗಿ ಅಲ್ಲ, ‘ಸುಮ್ಮನೆ, ಕೆಲಸವಿಲ್ಲದೆ’ ಎಂಬ ಕ್ರಿಯಾವಿಶೇಷಣವಾಗಿ. ಅದಕ್ಕೆ ಎಸ್ ಹಚ್ಚಿದರೆ ಚಾಲೆಂಜ್‌ನಲ್ಲಿ, ಅಂದರೆ ಎದುರಾಳಿ ಪದವನ್ನು ಪ್ರಶ್ನಿಸಿ ಪಟ್ಟಿಯಲ್ಲಿ ನೋಡಿಸಿದಾಗ, ಬಿದ್ದುಹೋಗುತ್ತದೆ. ತಿಂಡಿ ಬೇಕಿದ್ದರೆ ಐ-ಡಿ-ಎಲ್-ಐ, ಬಹುವಚನಕ್ಕೆ ಎಸ್ ಸಲೀಸು. ಅಂಕ ಐದೇ, ಆದರೆ ಕೈಯಲ್ಲಿ ಎರಡು ಐ ಬಂದು ಕೂತಾಗ ಎರಡನ್ನೂ ಒಟ್ಟಿಗೆ ಕಳೆಯುವ ಪದ ಅದು. ದೋಸೆಗೆ ಡಿ-ಓ-ಎಸ್-ಎ ಮತ್ತು ಡಿ-ಓ-ಎಸ್-ಎ-ಐ ಎರಡೂ ನಡೆಯುತ್ತವೆ. ಉದ್ದಿಗೆ ಯು-ಆರ್-ಡಿ. ರಾಗಿ ಇದೆ, ಮುದ್ದೆ ಇಲ್ಲ. ಎಸ್-ಎ-ಎಂ-ಬಿ-ಎ-ಆರ್ ಪಟ್ಟಿಗೆ ಬಂದದ್ದು ಕಡವೆಯ ಹೆಸರಾಗಿ. ಜೋಳಕ್ಕೆ ಜೆ-ಓ-ಡಬ್ಲ್ಯೂ-ಎ-ಆರ್, 15 ಅಂಕ. ಪೂಜೆಗೆ ಪಿ-ಯು-ಜೆ-ಎ, ಪಿ-ಓ-ಓ-ಜೆ-ಎ, ಕೊನೆಗೆ ಎಚ್ ಸೇರಿಸಿದ ರೂಪವೂ ಉಂಟು. ಜಿಲ್ಲೆಗೂ ಹಾಗೆಯೇ ಝಡ್-ಐ-ಎಲ್-ಎ, ಝಡ್-ಐ-ಎಲ್-ಎಲ್-ಎ, ಮತ್ತೆ ಎಚ್ ಸೇರಿದರೆ 18 ಅಂಕ. ಟಿ-ಎ-ಎಲ್-ಯು-ಕೆ ಇದ್ದಲ್ಲಿ ಕೊನೆಗೆ ಎಸ್ ಮಾತ್ರವಲ್ಲ, ಎ ಕೂಡ ಹಚ್ಚಬಹುದು. ಬೆಲ್ಲಕ್ಕೆ ಜೆ-ಎ-ಜಿ-ಜಿ-ಇ-ಆರ್-ವೈ. ಕೈಯಲ್ಲಿರುವ ಏಳೂ ಬಿಲ್ಲೆ ಒಮ್ಮೆಗೇ ಇಳಿದರೆ 19ರ ಮೇಲೆ ಬಿಂಗೊ ಎಂಬ 50 ಅಂಕದ ಬೋನಸ್. ಬ್ರಿಟಿಷರ ಕಿವಿಗೆ ಬಿದ್ದಂತೆ ಬರೆದಿಟ್ಟ ರೂಪಗಳಿವು. ತುಪ್ಪ, ಸೀರೆ, ಪೂರಿ, ಅರಳಿ ಮರ, ಬೀಡಿ, ವೀಣೆ ಎಲ್ಲಕ್ಕೂ ಎರಡು ಮೂರು ಕಾಗುಣಿತ ಉಂಟು. ಒಂದನ್ನೇ ಕಲಿತರೆ ಉಳಿದವು ಬೋರ್ಡಿನಲ್ಲಿ ಕಂಡಾಗ ಅನುಮಾನ ಬರುತ್ತದೆ. ನಾನು ಎಲ್ಲವನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳುತ್ತೇನೆ.

ಉದ್ದ ಪದಗಳನ್ನು ಅಕಾರಾದಿಯಾಗಿ ಉರುಹೊಡೆದರೆ ಪ್ರಯೋಜನವಿಲ್ಲ. ರ‍್ಯಾಕಿನಲ್ಲಿ ಬಿಲ್ಲೆಗಳು ಪದವಾಗಿ ಬರುವುದಿಲ್ಲ, ಕಲಸಿಕೊಂಡು ಬರುತ್ತವೆ. ಅದಕ್ಕೇ ಏಳಕ್ಷರದ ಪದವನ್ನು ಎ-ಬಿ-ಸಿ ಕ್ರಮಕ್ಕೆ ಜೋಡಿಸಿ, ಆ ಜೋಡಣೆಯನ್ನು ಪ್ರಶ್ನೆಯಾಗಿ ಬರೆದು ಉತ್ತರ ನೆನೆಯಬೇಕು. ಎ-ಇ-ಐ-ಎನ್-ಆರ್-ಎಸ್-ಟಿ ಎಂದು ಕಂಡರೆ ರಿಟೇನ್ಸ್, ನ್ಯಾಸ್ಟಿಯರ್, ಸ್ಟೇನರ್, ರೆಟಿನಾಸ್, ಆಂಟ್ಸಿಯರ್ ಬರಬೇಕು. ಜೊತೆಗೆ ಕೊಬ್ಬಿನಿಂದ ತೆಗೆಯುವ ಸ್ಟಿಯರಿನ್, ಪೈನ್ ಅಂಟಿನ ಪರಿಮಳದ ಗ್ರೀಕ್ ವೈನ್ ರೆಟ್ಸಿನಾ ಕೂಡ. ಝಿಜಿವಾ ಎಂಬ ಉಚಿತ ತಂತ್ರಾಂಶ ಇದನ್ನೇ ಮಾಡಿಸುತ್ತದೆ. ಅದರ ಕಾರ್ಡ್‌ಬಾಕ್ಸ್‌ನಲ್ಲಿ ತಪ್ಪಿದ ಪದ ಬೇಗ ಮರಳುತ್ತದೆ, ಸರಿ ಹೇಳಿದ್ದು ತಡವಾಗಿ. ದಿನಕ್ಕೆ ಇಪ್ಪತ್ತು ಹೊಸ ಜೋಡಣೆ ಸಾಕು. ಹೆಚ್ಚು ಹಾಕಿಕೊಂಡರೆ ಹಳೆಯವುಗಳ ಪರಿಷ್ಕರಣೆಯೇ ರಾಶಿಯಾಗಿ ಎಲ್ಲವೂ ನಿಂತುಹೋಗುತ್ತದೆ.

ಯಾವ ಪಟ್ಟಿ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಉತ್ತರ ಅಮೆರಿಕದ ಪಟ್ಟಿಯಲ್ಲಿ ಝಡ್-ಓ ಇಲ್ಲ, ಸಿ-ಎಚ್ ಇಲ್ಲ. ಫೋನಿನ ಆಟಗಳಲ್ಲಿ ನಡೆಯುವುದು ಬೇರೆಯದೇ ಪಟ್ಟಿಯಾಗಿರಬಹುದು. ಹಳೆಯ ಮುದ್ರಿತ ಪ್ರತಿಯನ್ನೂ ನಂಬಬೇಡಿ, 2021ರಲ್ಲಿ ನಿಂದನೆಯ ಪದಗಳನ್ನು ನೂರಾರು ಸಂಖ್ಯೆಯಲ್ಲಿ ತೆಗೆದುಹಾಕಿದರು.

ಪದ ಗೊತ್ತಿರುವುದರ ಇನ್ನೊಂದು ಲಾಭ ಚಾಲೆಂಜ್‌ನಲ್ಲಿ. ಅಮೆರಿಕದ ನಿಯಮದಲ್ಲಿ ಸರಿಯಾದ ಪದವನ್ನು ಚಾಲೆಂಜ್ ಮಾಡಿದರೆ ನಿಮ್ಮ ಸರದಿಯೇ ಹೋಗುತ್ತದೆ, ಆದ್ದರಿಂದ ಅಲ್ಲಿ ಸುಳ್ಳು ಪದಗಳನ್ನು ಧೈರ್ಯವಾಗಿ ಇಳಿಸುತ್ತಾರೆ. ಅಂತಾರಾಷ್ಟ್ರೀಯ ಟೂರ್ನಿಗಳಲ್ಲಿ ದಂಡ 5 ಅಂಕ ಮಾತ್ರ. ಎದುರಾಳಿ 30 ಅಂಕದ ಅಪರಿಚಿತ ಪದ ಇಟ್ಟರೆ, ಅದು ಸುಳ್ಳಿರುವ ಸಾಧ್ಯತೆ ಏಳರಲ್ಲಿ ಒಂದು ಪಾಲಿಗಿಂತ ಹೆಚ್ಚೆನಿಸಿದರೂ ಚಾಲೆಂಜ್ ಮಾಡುವುದೇ ಲೆಕ್ಕ. ಎಂಟು ಅಂಕದ ಪದಕ್ಕಾದರೆ ಐದರಲ್ಲಿ ಎರಡು ಪಾಲಿನಷ್ಟು ಅನುಮಾನ ಬರುವವರೆಗೆ ತಡೆಯಿರಿ.