ರಿಯೋ ಎಲೆ, ಸಮುದ್ರದ ನೀರು: ಆಕ್ವಾಪೋರಿನ್ ಕೆಲಸ ನೋಡುವ ಬಗೆ

ಜೀವಕೋಶದ ಪೊರೆ ಕೊಬ್ಬಿನದು. ನೀರು ಅದರಲ್ಲಿ ನುಸುಳುತ್ತದೆ, ಆದರೆ ನಿಧಾನ. ಬೇಗ ಹಾಯಲು ಪೊರೆಯಲ್ಲಿ ಹುದುಗಿದ ಪ್ರೋಟೀನ್ ಕೊಳವೆಗಳಿವೆ. ಅವೇ ಆಕ್ವಾಪೋರಿನ್‌ಗಳು. ಚುರುಕಾದ ಕೊಳವೆಯೊಂದರಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟಬಲ್ಲವು. ಇವುಗಳ ಶೋಧಕ್ಕೆ ಪೀಟರ್ ಆಗ್ರೆ 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಕೊಳವೆ ಕಾಲೇಜಿನ ಮೈಕ್ರೋಸ್ಕೋಪಿಗೆ ಕಾಣದು. ನೀರು ಹೋಗಿ ಬಂದದ್ದು ಮಾತ್ರ ಚೆನ್ನಾಗಿ ಕಾಣುತ್ತದೆ.

ಮೇಲೆ ಹಸಿರು, ಕೆಳಗೆ ನೇರಳೆ ಇರುವ ರಿಯೋ ಎಂಬ ಅಲಂಕಾರಿಕ ಗಿಡದ ಎಲೆ ತನ್ನಿ. ಕೋಶದ ನೀರನ್ನು ಹೊರಗೆಳೆಯಲು ಉಪ್ಪುನೀರು ಬೇಕು. ಬೇಸಿಗೆಯಲ್ಲಿ ಕಾರವಾರದ ಕಡಲನೀರನ್ನೇ ಬಟ್ಟೆಯಲ್ಲಿ ಸೋಸಿದರೆ ಸಾಕು, ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಲವಣ ಇರುತ್ತದೆ. ಮಳೆಗಾಲದಲ್ಲಿ ಕೋಡಿಬಾಗದ ಕಡೆಯ ನೀರು ಬೇಡ. ಕಾಳಿ ನದಿಯ ಸಿಹಿನೀರು ಬೆರೆತು ಸಪ್ಪೆಯಾಗಿರುತ್ತದೆ, ಕೋಶ ಕುಗ್ಗುವುದೇ ಇಲ್ಲ. ಆಗ 200 ಮಿ.ಲೀ. ನೀರಿಗೆ 7 ಗ್ರಾಂ ಉಪ್ಪು ಕರಗಿಸಿ. ಸಾಣಿಕಟ್ಟಾದ ಹರಳುಪ್ಪಾದರೆ ಚಮಚದ ಲೆಕ್ಕ ನಂಬಬೇಡಿ, ತೂಗಿಯೇ ಹಾಕಿ.

ಎಲೆಯನ್ನು ಓರೆಯಾಗಿ ಹರಿದರೆ ಕೆಳಬದಿಯ ನೇರಳೆ ಸಿಪ್ಪೆ ತೆಳ್ಳಗೆ ಏಳುತ್ತದೆ. ಅದರಲ್ಲಿ 5 ಮಿ.ಮೀ. ತುಂಡು ಕತ್ತರಿಸಿ, ಸ್ಲೈಡಿನ ಮೇಲೆ ಸಿಹಿನೀರಿನ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ಹಸಿರು ಅಂಟಿಕೊಂಡಿದ್ದರೆ ಸಿಪ್ಪೆ ದಪ್ಪವಾಯಿತೆಂದೇ ಅರ್ಥ, ಬೇರೆ ತೆಗೆಯಿರಿ. ಅಂಚಿನ ಕೋಶಗಳು ಹರಿದು ಬಣ್ಣ ಕಳೆದುಕೊಂಡಿರುತ್ತವೆ, ನಡುವಿನವನ್ನು ನೋಡಿ. ಮೊದಲು ಬಣ್ಣ ಕೋಶದ ತುಂಬ ಇರಬೇಕು.

ಈಗ ಕವರ್‌ಸ್ಲಿಪ್ಪಿನ ಒಂದು ಬದಿಗೆ ಉಪ್ಪುನೀರು ಹನಿಸಿ, ಎದುರು ಬದಿಯಿಂದ ಬ್ಲಾಟಿಂಗ್ ಪೇಪರಿನಲ್ಲಿ ಹೀರಿಸಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಗೋಡೆ ಬಿಟ್ಟು ನಡುವೆ ಮುದುಡುತ್ತದೆ. ಕಂಡ ಕೂಡಲೇ ಅದೇ ರೀತಿ ಸಿಹಿನೀರು ಹಾಯಿಸಿ, ಮತ್ತೆ ಹಿಗ್ಗುತ್ತದೆ. ಉಪ್ಪಿನಲ್ಲಿ ತುಂಬ ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ವ್ಯರ್ಥ.

ಹೋದದ್ದು, ಬಂದದ್ದು ಎರಡೂ ಅದೇ ಪೊರೆಯಿಂದ. ಆಕ್ವಾಪೋರಿನ್ ಪಂಪಲ್ಲ. ನೀರಿನ ದಿಕ್ಕನ್ನು ತೀರ್ಮಾನಿಸುವುದು ಹೊರಗಿನ ಉಪ್ಪು.

ಆಕ್ವಾಪೋರಿನ್ ಕುಟುಂಬದ ಎಲ್ಲ ಪ್ರೋಟೀನುಗಳ ಕೆಲಸ ಒಂದೇ ಅಲ್ಲ ಎಂಬುದನ್ನು ಪಠ್ಯಗಳು ಅವಸರದಲ್ಲಿ ದಾಟಿಸುತ್ತವೆ. ನಮ್ಮ ಮೂತ್ರಪಿಂಡದ ಆಕ್ವಾಪೋರಿನ್-2 ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಕಾದಿರುತ್ತದೆ. ಬಾಯಾರಿದಾಗ ಹೆಚ್ಚುವ ವ್ಯಾಸೊಪ್ರೆಸಿನ್ ಹಾರ್ಮೋನು ಅದನ್ನು ಪೊರೆಗೆ ತರಿಸುತ್ತದೆ, ನೀರು ರಕ್ತಕ್ಕೆ ಮರಳುತ್ತದೆ. ಚರ್ಮದ ಆಕ್ವಾಪೋರಿನ್-3 ಗ್ಲಿಸರಾಲನ್ನೂ ಸಾಗಿಸುತ್ತದೆ. ಕಣ್ಣಿನ ಮಸೂರದ ಆಕ್ವಾಪೋರಿನ್-0 ನೀರು ಬಿಡುವುದರ ಜತೆಗೆ ಕೋಶಗಳನ್ನು ಒಂದಕ್ಕೊಂದು ಅಂಟಿಸಲೂ ನೆರವಾಗುತ್ತದೆ. ನೀರು ಬಿಡುವ ಈ ಕೊಳವೆಗಳು ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು, ತಡೆಯುತ್ತವೆ. ಅವೂ ಸೋರಿದ್ದರೆ ಪೊರೆಯ ವಿದ್ಯುತ್ ವ್ಯತ್ಯಾಸ ಉಳಿಯುತ್ತಿರಲಿಲ್ಲ.

ತಾಳೆ ನೋಡಲು ಇನ್ನೊಂದು ಸಿಪ್ಪೆಯನ್ನು ಒಂದು ನಿಮಿಷ ಕುದಿಸಿ. ಬಣ್ಣ ಸೋರಿಹೋಗುತ್ತದೆ, ಉಪ್ಪು ಹಾಕಿದರೂ ಮುದುಡುವುದಿಲ್ಲ. ಇದರಿಂದ ಪೊರೆ ಕೆಟ್ಟಿತೆಂದಷ್ಟೇ ಹೇಳಬಹುದು, ಕೊಳವೆಯ ಪಾಲು ಎಷ್ಟೆಂದು ಹೇಳಲಾಗದು. ಅದಕ್ಕೆ ಸಂಶೋಧಕರು ಪಾದರಸದ ಸಂಯುಕ್ತಗಳಿಂದ ಕೊಳವೆ ಮುಚ್ಚಿ ನೋಡುತ್ತಾರೆ. ಅವು ಕಡುವಿಷ, ಕಾಲೇಜಿನ ಮೇಜಿಗೆ ತರಲೇಬೇಡಿ.