ಟೆನಿಸ್ ಕ್ಯಾಸೆಟ್ ಹಾಕಿ ಮಾರಿಯೋದ ಒಂಬತ್ತನೇ ವರ್ಲ್ಡ್‌ಗೆ ಹೋದೆ, ಅದೂ ಲೋಕಲ್ ಸೆಟ್‌ನಲ್ಲಿ

ಲೋಕಲ್ ಸೆಟ್‌ನಲ್ಲಿ, ಅಂದರೆ ನಿಂಟೆಂಡೋ ಫ್ಯಾಮಿಕಾಮ್ ಗೇಮ್ ಯಂತ್ರದ ಅಗ್ಗದ ನಕಲಿನಲ್ಲಿ, ಇದು ಆಗುವ ಮಾತೇ ಅಲ್ಲ ಎಂದವರು ಇದನ್ನು ಓದಲೇಬೇಕು. ಎಂಟಕ್ಕೆ ಮುಗಿಯುವ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ನಾನು ಒಂಬತ್ತನೇ ವರ್ಲ್ಡ್ ಆಡಿದ್ದೇನೆ. ಎಮ್ಯುಲೇಟರ್ ಇಲ್ಲ, ತಿದ್ದಿದ ಕ್ಯಾಸೆಟ್ ಇಲ್ಲ. ಹಳೇ ಟಿವಿ ಗೇಮ್ ಸೆಟ್, ಒಂದೊಂದೇ ಗೇಮ್ ಇರುವ ಎರಡು ಒಂಟಿ ಕ್ಯಾಸೆಟ್, ಡಬ್ಬಾ ಟಿವಿ, ಅಷ್ಟೇ.

1-2ರ, ಅಂದರೆ ಮೊದಲ ವರ್ಲ್ಡ್‌ನ ಎರಡನೇ ಹಂತದ, ಕೊನೆಯ ಗೋಡೆ ತೂರಿ ಮೈನಸ್ ವರ್ಲ್ಡ್‌ಗೆ ಹೋಗುವುದು ನಿಮಗೆಲ್ಲ ಗೊತ್ತಿರುವುದೇ. ನಿಜದಲ್ಲಿ ಅದು 36ನೇ ವರ್ಲ್ಡ್. ವರ್ಲ್ಡ್ ನಂಬರ್ 10ರಿಂದ 35ರವರೆಗೆ ಎ ಇಂದ ಝಡ್ ಅಕ್ಷರಗಳು ಬರುತ್ತವೆ, 36ಕ್ಕೆ ಖಾಲಿ ಚೌಕ, ಹಾಗಾಗಿ ಪರದೆಯಲ್ಲಿ ಬರೀ -1 ಉಳಿಯುತ್ತದೆ. ನಾನು ಅದನ್ನು ಕಣ್ಣು ಮುಚ್ಚಿ ಮಾಡಬಲ್ಲೆ. ಆದರೆ ಆ ಗೋಡೆಯಿಂದ ಸಿಗುವುದು ಅದೊಂದೇ ವರ್ಲ್ಡ್. ನೀರಿನ ಹಂತ, ಕೊನೆಯ ಪೈಪಿಗೆ ಇಳಿದರೆ ಮತ್ತೆ ಮೊದಲಿಗೇ ಬರುತ್ತೀರಿ. ಗೋಡೆಯಾಚೆ ಇರುವ ಮೂರು ಪೈಪುಗಳಲ್ಲಿ ನಡುವಿನದನ್ನು ಹಿಡಿದರೆ 5-1. ವರ್ಲ್ಡ್ ನಂಬರ್ ಇಡುವ ಬೈಟ್‌ನಲ್ಲಿ 256 ಸಂಖ್ಯೆಗಳಿಗೆ ಜಾಗ ಇದೆ. ಉಳಿದವುಗಳಲ್ಲಿ ಏನಿದೆ ಅನ್ನುವುದು ನನ್ನನ್ನು ವರ್ಷಗಟ್ಟಲೆ ಕಾಡಿತ್ತು.

ದಾರಿಯನ್ನು ಜಪಾನಿನವರು 80ರ ದಶಕದಲ್ಲೇ ಕಂಡುಕೊಂಡಿದ್ದರು. ಗೇಮ್ ಓವರ್ ಆದ ಮೇಲೆ ಎ ಒತ್ತಿಕೊಂಡು ಸ್ಟಾರ್ಟ್ ಕೊಟ್ಟರೆ ಸತ್ತ ವರ್ಲ್ಡ್‌ನಿಂದಲೇ ಶುರುವಾಗುತ್ತದಲ್ಲ, ಆ ನಂಬರ್ ಸೆಟ್‌ನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಕೂತಿರುತ್ತದೆ. 1984ರ ಟೆನಿಸ್ ಗೇಮ್ ತನ್ನ ಆಟಗಾರನ ಹೆಜ್ಜೆ ಲೆಕ್ಕವನ್ನು ಅದೇ ಜಾಗದಲ್ಲಿ ಇಡುತ್ತದೆ. ಮಾರಿಯೋ ಹಾಕಿ, ಪವರ್ ಆರಿಸದೆ ಕಿತ್ತು, ಟೆನಿಸ್ ಹಾಕಿ ರಿಸೆಟ್ ಒತ್ತಿ, ಅಂಗಳದಲ್ಲಿ ನಡೆದು, ಮತ್ತೆ ಕಿತ್ತು ಮಾರಿಯೋ ಹಾಕಿ ರಿಸೆಟ್, ಆಮೇಲೆ ಎ ಮತ್ತು ಸ್ಟಾರ್ಟ್. ಹೇಳುವುದಕ್ಕೆ ಇಷ್ಟೇ.

"ನಮ್ಮ ಸೆಟ್ಟಲ್ಲಿ ರಿಸೆಟ್ ಒತ್ತಿದ್ರೆ ಎಲ್ಲ ಅಳಿಸಿಹೋಗತ್ತೆ ಮಗಾ, ದುಡ್ಡು ಹಾಳ್ಮಾಡ್ಬೇಡ," ಎಂದ ಒಬ್ಬ ಗೆಳೆಯ. ಪವರ್ ಇದ್ದಾಗ ಕ್ಯಾಸೆಟ್ ಕಿತ್ತರೆ ಚಿಪ್ಪೇ ಸುಡುತ್ತದೆ ಎಂದ ಇನ್ನೊಬ್ಬ. ಇಲ್ಲಿ ಸಿಗುವ ಮಾರಿಯೋ ಎಲ್ಲ ನಕಲು, ಒಳಗಿನ ಕೋಡೇ ಬೇರೆ ಎಂದವನು ಮೂರನೆಯವನು. ಮೂವರ ಮಾತೂ ಸುಳ್ಳು ಎಂದು ತೋರಿಸಲು ನನಗೆ ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ ಖರ್ಚಾಯಿತು.

ಮೊದಲು ಕೈ ಹಾಕಿದ್ದು ಮನೆಯಲ್ಲಿದ್ದ 'ಇಷ್ಟು ಲಕ್ಷ ಇನ್ ಒನ್' ಕ್ಯಾಸೆಟ್‌ಗೆ. ಅದರಲ್ಲಿ ಮಾರಿಯೋವೂ ಇತ್ತು, ಟೆನಿಸ್ಸೂ ಇತ್ತು, ಕೀಳುವ ಕೆಲಸವೇ ಬೇಡ ಎಂದುಕೊಂಡಿದ್ದೆ. ಆದರೆ ರಿಸೆಟ್ ಒತ್ತಿದರೆ ಮೆನು ಬರುತ್ತದೆ, ಮೆನು ಬರುವಾಗಲೇ ರ‍್ಯಾಮ್ ಗುಡಿಸಿ ಹಾಕುತ್ತದೆ. ಒಂಟಿ ಕ್ಯಾಸೆಟ್‌ಗಳೇ ಬೇಕು. ಎರಡೂ ಒಳಗೆ ಬ್ಯಾಂಕ್ (ಗೇಮಿನ ಕೋಡಿನ ತುಂಡು) ಬದಲಿಸುವ ಚಿಪ್ ಇಲ್ಲದ ಸರಳ ಬೋರ್ಡ್‌ಗಳು, ಮಾರಿಯೋ 40 ಕೆಬಿ, ಟೆನಿಸ್ 24 ಕೆಬಿ. ಮಾರಿಯೋ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿತು, ಇನ್ನೂರೋ ಇನ್ನೂರೈವತ್ತೋ ಕೊಟ್ಟೆ. ಟೆನಿಸ್ ಒಂಟಿಯಾಗಿ ಸಿಗುವುದು ಬಲು ಅಪರೂಪ. ತಿಂಗಳುಗಟ್ಟಲೆ ಹುಡುಕಿ ಕೊನೆಗೆ ಹೊರರಾಜ್ಯದ ಒಬ್ಬ ಸಂಗ್ರಾಹಕರಿಂದ ಕೊರಿಯರ್‌ನಲ್ಲಿ ತರಿಸಿದೆ, ಸಾವಿರದ ಮೇಲೆ ಬಿತ್ತು.

ಸೆಟ್‌ನ ಕಥೆ ಇನ್ನೂ ಉದ್ದ. ನನ್ನಲ್ಲಿದ್ದ ಮೊದಲನೆಯದರ ಬೋರ್ಡ್ ಮೇಲೆ ಒಂದೇ ಕಪ್ಪು ಬೊಟ್ಟು, ಎಲ್ಲ ಚಿಪ್‌ಗಳೂ ಅದರೊಳಗೇ. ಅದು ಕೈಕೊಡುತ್ತಲೇ ಹೋಯಿತು. ಯುಎಂಸಿ ಕಂಪನಿಯ 6527 (ಸಿಪಿಯು) ಮತ್ತು 6538 (ಚಿತ್ರ ಮೂಡಿಸುವುದು) ಬಿಡಿ ಚಿಪ್‌ಗಳಿರುವ, ರ‍್ಯಾಮ್ ಬೇರೆಯಾಗಿ ಕೂತಿರುವ ಹಳೆಯ ಬೋರ್ಡ್ ಹುಡುಕಿದ ಮೇಲೆಯೇ ಕೆಲಸ ಹಳಿಗೆ ಬಂತು. ಕೊಳ್ಳುವ ಮುಂಚೆ ತಿರುಪು ಬಿಚ್ಚಿ ನೋಡಿ, ಅಂಗಡಿಯವರು ಬೈದರೂ ಪರವಾಗಿಲ್ಲ.

ರ‍್ಯಾಮ್ ಉಳಿಯಿತೋ ಇಲ್ಲವೋ ಎಂದು ನೋಡಲು ಟೆನಿಸ್ ಬೇಕಿಲ್ಲ. ಈ ಪರೀಕ್ಷೆ ನಾನೇ ಕಂಡುಕೊಂಡಿದ್ದು, ಹೆಮ್ಮೆಯಿಂದಲೇ ಹೇಳುತ್ತೇನೆ. ಮಾರಿಯೋದಲ್ಲಿ ಒಂದಿಷ್ಟು ಸ್ಕೋರ್ ಮಾಡಿ ಸಾಯಿರಿ. ಪವರ್ ಇರುವಾಗಲೇ ಕಿತ್ತು, ಅದೇ ಕ್ಯಾಸೆಟ್ ಮತ್ತೆ ಹಾಕಿ ರಿಸೆಟ್ ಕೊಡಿ. ಟೈಟಲ್ ಪರದೆಯಲ್ಲಿ ನಿಮ್ಮ ಟಾಪ್ ಸ್ಕೋರ್ ಹಾಗೇ ಇದ್ದರೆ ರ‍್ಯಾಮ್ ಬದುಕಿದೆ. ಶುರುವಾಗುವಾಗ ಮಾರಿಯೋ ಎರಡು ವಿಷಯ ನೋಡುತ್ತದೆ: ಟಾಪ್ ಸ್ಕೋರ್‌ನ ಒಂದೊಂದು ಅಂಕಿಯೂ ಹತ್ತಕ್ಕಿಂತ ಕಡಿಮೆ ಇದೆಯೇ, ರ‍್ಯಾಮ್‌ನ ಕೊನೆಯ ಬೈಟ್‌ನಲ್ಲಿ ತಾನಿಟ್ಟ ಗುರುತು ಇದೆಯೇ. ಎರಡರಲ್ಲಿ ಒಂದು ತಪ್ಪಿದರೂ ಎಲ್ಲ ಒರೆಸಿ 1-1ರಿಂದ ಶುರು. ಮೊದಲು ಮಾರಿಯೋವನ್ನೇ ಹಾಕಬೇಕಾದದ್ದೂ ಇದಕ್ಕೇ, ಆ ಗುರುತು ಅದೇ ಬರೆಯಬೇಕು.

ನನ್ನ ಸ್ಕೋರ್ ವಾರಗಟ್ಟಲೆ ಅಳಿಸಿಹೋಗುತ್ತಲೇ ಇತ್ತು. ಕ್ಯಾಸೆಟ್ ಇಲ್ಲದ ಆ ಎರಡು ಕ್ಷಣ ಸಿಪಿಯು ಸುಮ್ಮನೆ ಇರುವುದಿಲ್ಲ, ಸಿಕ್ಕಿದ್ದನ್ನೇ ಆಜ್ಞೆ ಎಂದು ಓಡಿಸಿ ರ‍್ಯಾಮ್ ಮೇಲೆ ಗೀಚುತ್ತದೆ. ಹಾಗಾಗಿ ರಿಸೆಟ್ ಗುಂಡಿಯ ಕಾಲುಗಳಿಗೆ ವೈರ್ ಎಳೆದು ಹೊರಗೆ ಒಂದು ಸ್ವಿಚ್ ಇಟ್ಟೆ. ಅದನ್ನು ಒತ್ತಿ ಹಿಡಿದೇ ಕೀಳುವುದು, ಒತ್ತಿ ಹಿಡಿದೇ ಹಾಕುವುದು. ಸಿಪಿಯು ಅಷ್ಟು ಹೊತ್ತೂ ನಿಂತಿರುತ್ತದೆ. ಹತ್ತರಲ್ಲಿ ಒಂದೆರಡು ಬಾರಿ ಉಳಿಯುತ್ತಿದ್ದದ್ದು ಅರ್ಧಕ್ಕೆ ಏರಿತು.

ಉಳಿದರ್ಧ ವೋಲ್ಟೇಜಿನ ಪಾಲು. ಕ್ಯಾಸೆಟ್ ತಗುಲಿದ ಗಳಿಗೆಯಲ್ಲಿ 5 ವೋಲ್ಟ್ ಲೈನ್ ಕುಸಿಯುತ್ತಿತ್ತು. ಜೊತೆಗೆ ಬಂದ 9 ವೋಲ್ಟ್ ಅಡಾಪ್ಟರ್ ಹಗುರ ಸರಕು, ಒಂದು ಸಂಜೆ ವಾಸನೆ ಬಂದು ಸುಟ್ಟೇ ಹೋಯಿತು. ಕ್ಯಾಸೆಟ್ ಓರೆಯಾಗಿ ಕೂತು ಪಿನ್‌ಗಳು ಶಾರ್ಟ್ ಆಗಿ, ವೋಲ್ಟೇಜನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್‌ಗಳೂ ಎರಡು ಹೋದವು. ಅವು ಎಸ್‌.ಪಿ. ರಸ್ತೆಯಲ್ಲಿ ಹತ್ತು ಹದಿನೈದು ರೂಪಾಯಿಗೆ ಸಿಗುತ್ತವೆ, ಅದಕ್ಕೆ ಅಳುವುದು ಬೇಡ. ಒಳ್ಳೆಯ ಅಡಾಪ್ಟರ್‌ಗೆ ಮುನ್ನೂರು ಚಿಲ್ಲರೆ ಕೊಟ್ಟೆ, 7805ರ ಔಟ್‌ಪುಟ್‌ಗೆ ಒಂದು ದೊಡ್ಡ ಕೆಪಾಸಿಟರ್ ಬೆಸುಗೆ ಹಾಕಿದೆ. ನಾನು ನಿಂತದ್ದು 2200 ಮೈಕ್ರೋಫ್ಯಾರಡ್‌ಗೆ. ಅದರ ಮೇಲೆ ಇನ್ನೊಂದು ಸಣ್ಣ ಬದಲಾವಣೆ ಮಾಡಿದ್ದೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಈಗ ಹತ್ತಕ್ಕೆ ಒಂಬತ್ತು ಬಾರಿ ಸ್ಕೋರ್ ಉಳಿಯುತ್ತದೆ.

ಟೆನಿಸ್ ತಲುಪಿದ ದಿನವೇ 9-1 ಸಿಕ್ಕಿತು. ಪರದೆಯ ಮೇಲೆ ವರ್ಲ್ಡ್ 9-1 ಎಂದು ಬಂದಾಗ ಫೋಟೋ ತೆಗೆಯಲೂ ಕೈ ನಡುಗುತ್ತಿತ್ತು. ನೀರಿನ ಹಂತ ಅದು. ಯಾರೂ ಕೂತು ಕಟ್ಟಿದ ಹಂತವಲ್ಲ. ಎಂಟನೇ ವರ್ಲ್ಡ್‌ನ ಪಟ್ಟಿ ಮುಗಿದ ಮೇಲೆಯೂ ಗೇಮ್ ಮುಂದಿನ ಬೈಟ್‌ಗಳನ್ನು ಹಂತದ ವಿಳಾಸ ಎಂದೇ ಓದುತ್ತಾ ಹೋಗುತ್ತದೆ, ಅಲ್ಲಿ ಏನಿದೆಯೋ ಅದನ್ನೇ ಕಟ್ಟಿ ತೋರಿಸುತ್ತದೆ. ಕೆಲವು ಕಡೆ ಕಾಲಿಟ್ಟ ಕೂಡಲೇ ಸಾವು. ಕೆಲವು ಕಡೆ ಪರದೆ ಕಪ್ಪಾಗಿ ನಿಂತುಬಿಡುತ್ತದೆ, ಆಗ ಎಲ್ಲ ಮತ್ತೆ ಮೊದಲಿನಿಂದ. ಒಮ್ಮೆ ಒಳಗೆ ಹೋದಮೇಲೆ ಮತ್ತೆ ಮತ್ತೆ ಕೀಳಬೇಕಿಲ್ಲ. ಅಲ್ಲೇ ಗೇಮ್ ಓವರ್ ಆದರೆ ಆ ನಂಬರೇ ಉಳಿದಿರುತ್ತದೆ, ಎ ಮತ್ತು ಸ್ಟಾರ್ಟ್ ಸಾಕು. ಕರೆಂಟ್ ಹೋದರೆ ಮಾತ್ರ ಮುಗಿಯಿತು, ಅದಕ್ಕೇ ಟಿವಿ ಮತ್ತು ಸೆಟ್ ಎರಡನ್ನೂ ಇನ್ವರ್ಟರ್ ಲೈನ್‌ಗೆ ಹಾಕಿದ್ದೇನೆ.

ಟೆನಿಸ್ ಬದಲು ಐಸ್ ಕ್ಲೈಂಬರ್, ಎಕ್ಸೈಟ್‌ಬೈಕ್, ಕೈಗೆ ಸಿಕ್ಕ ಇನ್ನೂ ನಾಲ್ಕಾರು ಒಂಟಿ ಕ್ಯಾಸೆಟ್‌ಗಳನ್ನೂ ಹಾಕಿ ನೋಡಿದೆ. ನನ್ನ ಸೆಟ್‌ನಲ್ಲಿ ಎಲ್ಲವೂ ನೇರ 1-1ಕ್ಕೇ ತಂದು ಬಿಟ್ಟವು. ಟೆನಿಸ್ ದಾರಿಯಿಂದ 36ಕ್ಕೂ ಹೋದೆ. ಗೋಡೆ ತೂರಿ ಹೋದಾಗ ಕಂಡದ್ದೇ ನೀರು, ಅದೇ ಪೈಪ್. ಅಲ್ಲಿಗೆ ಒಂದು ಅನುಮಾನ ತೀರಿತು: ನನಗೆ ಸಿಕ್ಕ ನಕಲಿ ಮಾರಿಯೋದ ಒಳಗಿನ ಹಂತಗಳ ಪಟ್ಟಿ ಮೂಲ ಆಟದ್ದೇ.

ಎಷ್ಟು ಹೆಜ್ಜೆಗೆ ಯಾವ ವರ್ಲ್ಡ್ ಎನ್ನುವ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. 256ರಲ್ಲಿ ಮೂರನೇ ಒಂದರಷ್ಟು ನೋಡಿ ಆಗಿದೆ, ಪೂರ್ತಿಯಾಗುವ ತನಕ ಅದನ್ನು ಕೊಡುವುದಿಲ್ಲ. ನೀವು ಶುರುಮಾಡುವುದಾದರೆ ಮೊದಲು ಟೆನಿಸ್ ಹುಡುಕಿ, ಉಳಿದದ್ದೆಲ್ಲ ಒಂದು ಭಾನುವಾರದಲ್ಲಿ ಸಿಗುತ್ತದೆ. ಸಾವಿರದೈನೂರರ ಮೇಲೆ ಕೇಳಿದರೆ ಬಿಟ್ಟುಬಿಡಿ, ಕಾದರೆ ಇನ್ನೊಂದು ಸಿಗುತ್ತದೆ. ಹಣ ಕೊಡುವ ಮುಂಚೆ ಕ್ಯಾಸೆಟ್‌ನ ಹೊರಕವಚ ಬಿಚ್ಚಿದ ಫೋಟೋ ಕಳಿಸಲು ಹೇಳಿ. ಸ್ಟಿಕ್ಕರ್ ಮೇಲೆ ಟೆನಿಸ್ ಇದ್ದು ಒಳಗೆ ಹಲವು ಗೇಮಿನ ಮಲ್ಟಿ ಬೋರ್ಡ್ ಇರುವ ಕ್ಯಾಸೆಟ್‌ಗಳು ತುಂಬಾ ಓಡಾಡುತ್ತಿವೆ.