108 ಬರುವ ಮುಂಚೆ ಯಾವ ಮಾತ್ರೆ ಕೊಡಬಹುದು, ಯಾವುದು ಬೇಡ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲದಲ್ಲಿ ಯಾರಾದರೂ ಬಿದ್ದರೆ ಮೊದಲು ಓಡಿ ಬರುವವರು ಪಕ್ಕದ ಹೊಲದವರೇ ಅಲ್ವಾ. 108ಕ್ಕೆ ಫೋನ್ ಹಚ್ಚಿದ ಮೇಲೆ ಕೈ ಸುಮ್ನೆ ಇರಲ್ಲ, ಯಾರ ಜೇಬಲ್ಲೋ ಇದ್ದ ಮಾತ್ರೆ ಬಾಯಿಗೆ ಹಾಕಿಬಿಡುತ್ತೇವೆ. ಎಡವಟ್ಟಾಗುವುದು ಅಲ್ಲೇ.

ಆಸ್ಪಿರಿನ್ನನ್ನೇ ತಗೊಳ್ಳಿ. ಎದೆ ಹಿಂಡಿದ ಹಾಗೆ ನೋವು, ತಣ್ಣನೆ ಬೆವರು, ನೋವು ಕೈಗೋ ದವಡೆಗೋ ಹರಿಯುತ್ತಿದ್ದರೆ 300-325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಹೇಳಿ. 75ರದ್ದು ಮಾತ್ರ ಸಿಕ್ಕರೆ ನಾಲ್ಕು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಅಲರ್ಜಿ ಇದ್ದವರಿಗೆ, ಎಲ್ಲಾದರೂ ರಕ್ತ ಹೋಗುತ್ತಿರುವವರಿಗೆ ಬೇಡ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಅದು ಲಕ್ವಾ, ಆಗ ಇದೇ ಮಾತ್ರೆ ಮುಟ್ಟಬೇಡಿ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ನರ ಒಡೆದಿದೆಯೋ ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗಲ್ಲ.

ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಅವರಿಗೇ ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕೂರಿಸಿ. ಬಿಪಿ ಇಳಿದು ತಲೆ ಸುತ್ತುತ್ತಿದ್ದರೆ ಬೇಡ. ಎರಡು ದಿನದೊಳಗೆ ವಯಾಗ್ರದಂಥ ಮಾತ್ರೆ ನುಂಗಿದ್ದಾರಾ ಅಂತ ಗುಟ್ಟಾಗಿ ಕೇಳಿ. ನಾಚಿಕೆಗೆ ಕೇಳದೇ ಬಿಟ್ಟರೆ ಬಿಪಿ ಪಾತಾಳಕ್ಕೆ ಹೋಗಬಹುದು.

ಹಾವು ಕಚ್ಚಿದಾಗಲೂ ಆಸ್ಪಿರಿನ್, ಬ್ರೂಫೆನ್ ಬೇಡ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ, ಅದರ ಮೇಲೆ ಇವು ಬೇರೆ! ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ. ಕಾಲು ಅಲುಗಾಡದಂತೆ ಕಟ್ಟಿಗೆ ಕೊಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಕರೆದೊಯ್ಯಿರಿ. ವಿಷದ ಮದ್ದು ಆಸ್ಪತ್ರೆಯಲ್ಲೇ ಆಗಬೇಕು, ಯಾಕೆಂದರೆ ಆ ಮದ್ದಿಗೇ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ, ಪಕ್ಕದಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಸಿದ್ಧವಿರಬೇಕು. ಮಗುವಿಗೂ ದೊಡ್ಡವರಷ್ಟೇ ಡೋಸು. ಮಗು ಅಂತ ಹಾವೇನು ಕಡಿಮೆ ವಿಷ ಬಿಡುತ್ತದಾ?

ಶುಗರ್ ಇದ್ದವರು ನಡುಗಿ, ಬೆವತು, ತಡಬಡಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೂ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಕೀಟನಾಶಕದ ಎಣ್ಣೆ ಹೊಡೆಯುವವರಿಗೆ ಜೊಲ್ಲು ಸುರಿದು, ಕಣ್ಣಿನ ಪಾಪೆ ಚಿಕ್ಕದಾಗಿ, ಉಸಿರು ಗೊರಗುಟ್ಟಿದರೆ ಬೇಕಾಗುವುದು ಅಟ್ರೋಪಿನ್. ಅದನ್ನು ಡಾಕ್ಟರೇ ಕೊಡಬೇಕು. ನೀವು ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಅವರ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ ಎಣ್ಣೆಯ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಚೀಟಿ ಹರಿದಿದ್ದರೂ ಸರಿ.